ಆರು ಕೀಲಿ, ನಾಲ್ಕು ಭಾಷೆ

ಮೊಬೈಲು ಫೋನೇ ಗಟ್ಟಿಯಾಗಿ ಓದಿ ಹೇಳುವ ಈ ಕಾಲದಲ್ಲಿ ಕಣ್ಣು ಕಾಣದ ಮಗುವಿಗೆ ಬ್ರೈಲ್ ಲಿಪಿ ಯಾಕೆ ಎಂದು ಕೆಲವರು ಕೇಳುವುದುಂಟು. ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಕಣ್ಣು ಕಾಣುವ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ರೇಡಿಯೋ ಬಂತೆಂದು ಒಂದನೆಯ ತರಗತಿಯಲ್ಲಿ ಅ, ಆ ಕಲಿಸುವುದನ್ನು ನಾವು ನಿಲ್ಲಿಸಿದೆವೇ? ಕೇಳುವುದು ಬೇರೆ, ಓದುವುದು ಬೇರೆ. ಕೇಳಿದವನಿಗೆ ಕತೆ ತಿಳಿದೀತು. ಅಲ್ಪಪ್ರಾಣವೆಲ್ಲಿ, ಮಹಾಪ್ರಾಣವೆಲ್ಲಿ, ಒತ್ತಕ್ಷರ ಯಾವುದು ಎಂಬುದು ಅಕ್ಷರದ ಪರಿಚಯವಿದ್ದವನಿಗಷ್ಟೇ ಸ್ಪಷ್ಟವಾದೀತು. ಬರೆಯುವುದಂತೂ ಕಿವಿಯಿಂದಾಗುವ ಕೆಲಸವೇ ಅಲ್ಲ.

ಅಕ್ಷರವನ್ನು ಬೆರಳಿಗೆ ನಿಲುಕಿಸಿದವನು ಲೂಯಿ ಬ್ರೈಲ್. 1809ರಲ್ಲಿ ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಹುಟ್ಟಿದ ಈತನು ಮೂರು ವರ್ಷದವನಿದ್ದಾಗ, ತಂದೆಯ ಚರ್ಮದ ಕೆಲಸದ ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿ ಮುಂದೆ ಎರಡೂ ಕಣ್ಣುಗಳನ್ನು ಕಳೆದುಕೊಂಡನು. ಆದರೂ ಹದಿನೈದರ ಪ್ರಾಯದಲ್ಲಿ, ಅಂದರೆ ನಮ್ಮ ಹತ್ತನೆಯ ತರಗತಿಯವರ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಗೆ ರೂಪ ಕೊಟ್ಟನು. 1829ರಲ್ಲಿ ಅದು ಪ್ರಕಟವಾಯಿತು. ಆರೇ ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕೂಡಿಸಿದರೆ 63 ಗುರುತುಗಳಾಗುತ್ತವೆ.

ಆದರೆ ಕಾಗದದ ಮೇಲೆ ಬ್ರೈಲ್ ಬರೆಯುವುದು ಶ್ರಮದ ಕೆಲಸ. ಬ್ರೈಲ್ ಸ್ಲೇಟಿಗೆ ದಪ್ಪ ಕಾಗದವನ್ನು ಸಿಕ್ಕಿಸಿ, ಮೊಳೆಯಂತಹ ಕಡ್ಡಿಯಿಂದ ಒಂದೊಂದೇ ಚುಕ್ಕೆಯನ್ನು ಬಲದಿಂದ ಎಡಕ್ಕೆ ಚುಚ್ಚಬೇಕು. ಬರೆದುದನ್ನು ಓದಬೇಕಾದರೆ ಕಾಗದವನ್ನು ಹೊರತೆಗೆದು ಮಗುಚಬೇಕು. 1951ರಲ್ಲಿ ಅಮೆರಿಕದ ಪರ್ಕಿನ್ಸ್ ಅಂಧಶಾಲೆಯಿಂದ ಒಂದು ಬೆರಳಚ್ಚು ಯಂತ್ರ ಹೊರಬಂತು. ಅದರಲ್ಲಿ ಆರು ಚುಕ್ಕೆಗಳಿಗೆ ಆರು ಕೀಲಿಗಳು. ಬೇಕಾದವುಗಳನ್ನು ಒಟ್ಟಿಗೆ ಒತ್ತಿದರೆ ಒಂದಕ್ಷರ. ಇಂದು ಅದೇ ಏರ್ಪಾಡು ಶಾಲೆಯ ಚೀಲದಲ್ಲಿ ಹಿಡಿಯುವ ಓದುಯಂತ್ರಗಳಲ್ಲಿ ಬಂದಿದೆ. ಆರ್ಬಿಟ್ ರೀಡರ್ 20, ಮುಂಬಯಿಯ ಇನ್ನೋವಿಷನ್ ಸಂಸ್ಥೆಯ ಬ್ರೈಲ್‌ಮಿ ಇಂತಹವು. ಇವುಗಳಲ್ಲಿ ಒಂದು ಸಾಲಿಗೆ 20 ಗುರುತುಗಳು. ಸಣ್ಣ ಮೊನೆಗಳು ಎದ್ದು ಇಳಿದು ಅಕ್ಷರಗಳಾಗುತ್ತವೆ. ಬರೆದುದು ಕೂಡಲೇ ಬೆರಳಿಗೆ ಸಿಗುತ್ತದೆ. ತಪ್ಪಿದರೆ ಅಳಿಸಿ ತಿದ್ದಬಹುದು.

ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ನಮ್ಮ ಪುತ್ತಿಗೆಯ ಮಗು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಓದಿ, ಜೊತೆಗೆ ಇಂಗ್ಲಿಷ್, ಹಿಂದಿಗಳನ್ನೂ ಅಭ್ಯಾಸ ಮಾಡಬೇಕು. ಕಣ್ಣುಳ್ಳವರಿಗೆ ಇದು ನಾಲ್ಕು ಲಿಪಿಗಳ ಹೊರೆ. ಆದರೆ 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್‌ನಲ್ಲಿ, ಕೆಲವು ವ್ಯತ್ಯಾಸಗಳನ್ನು ಬಿಟ್ಟರೆ, ಒಂದು ಧ್ವನಿಗೆ ಭಾರತದ ಭಾಷೆಗಳಲ್ಲೆಲ್ಲ ಒಂದೇ ಗುರುತು. ಎಡಗೈಯ ತೋರುಬೆರಳು ಮತ್ತು ಉಂಗುರಬೆರಳುಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಕ'. ಮಲಯಾಳದ 'ಕ'ವೂ ಅದೇ, ಹಿಂದಿಯದೂ ಅದೇ, ಇಂಗ್ಲಿಷಿನ 'ಕೆ' ಅಕ್ಷರವೂ ಅದೇ. ಅದರ ಮುಂದೆ ಎಡಗೈಯ ಉಂಗುರಬೆರಳನ್ನೂ ಬಲಗೈಯ ತೋರುಬೆರಳನ್ನೂ ಒತ್ತಿದರೆ 'ಕೈ' ಎಂದಾಯಿತು. ಕನ್ನಡಿಗನಿಗೂ ಮಲಯಾಳಿಗೂ ಅದು ಕೈಯೇ. ನಾಲ್ಕು ಭಾಷೆಗಳಿಗೆ ಆರೇ ಕೀಲಿಗಳು ಸಾಕಾಗುವಾಗ, ಅಂಧ ಮಗು ಕನ್ನಡ ಮಾಧ್ಯಮದಲ್ಲಿ ಕಲಿಯುವುದು ಕಷ್ಟವೆಂದು ಅದನ್ನು ದೂರವಿಡುವುದು ಎಷ್ಟರಮಟ್ಟಿಗೆ ಸರಿ?

ಇಂತಹ ಯಂತ್ರಗಳು ಬಡವರ ಕೈಗೆ ಎಟಕುವಂತಹವಲ್ಲ ಎಂಬ ಮಾತು ನಿಜ. ಫೋನಿನಲ್ಲಿಯೇ ಬ್ರೈಲ್ ಬರೆಯುವ ಸೌಕರ್ಯ ಐಫೋನಿಗೆ 2014ರಲ್ಲಿಯೂ ಆಂಡ್ರಾಯ್ಡಿಗೆ 2020ರಲ್ಲಿಯೂ ಬಂದಿದೆ. ಅಲ್ಲಿ ಗಾಜಿನ ಪರದೆಯೇ ಆರು ಕೀಲಿಗಳಾಗುತ್ತದೆ. ಅದು ಉಪಯುಕ್ತವೇ. ಆದರೆ ಗಾಜಿನ ಮೇಲೆ ಚುಕ್ಕೆಗಳು ಏಳುವುದಿಲ್ಲ. ಬೆರಳು ಬರೆದುದನ್ನು ಮತ್ತೆ ಕಿವಿಯೇ ಕೇಳಬೇಕು. ಕಲಿಯುವ ಮಗುವಿಗೆ ಅಷ್ಟು ಸಾಲದು.

ಹಾಗಾದರೆ ದಾರಿ ಏನು? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ತಕ್ಕ ಉಪಕರಣಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಇದು ಯಾರೋ ಕೊಡುವ ಭಿಕ್ಷೆಯಲ್ಲ, ಮಗುವಿನ ಹಕ್ಕು. ಆದರೆ ಕೇಳದೆ ಬರುವ ಹಕ್ಕುಗಳು ಕಡಮೆ. ಅಂತಹ ಮಗುವಿರುವ ಶಾಲೆಯ ರಕ್ಷಕ ಶಿಕ್ಷಕ ಸಂಘವು ಹೆತ್ತವರ ಜೊತೆಗೆ ನಿಂತು ಅರ್ಜಿ ಹಾಕಬೇಕು. ಯಂತ್ರವನ್ನು ಕೇಳುವಾಗಲೇ ಕನ್ನಡದ ಪಠ್ಯಪುಸ್ತಕಗಳು ಅದರಲ್ಲಿ ಓದುವಂತೆ ಸಿಗಬೇಕೆಂದೂ ಕೇಳಬೇಕು. ಪುಸ್ತಕವಿಲ್ಲದ ಯಂತ್ರವು ಅಕ್ಕಿಯಿಲ್ಲದ ಪಾತ್ರೆಯಂತೆ. ನಮ್ಮ ಜಿಲ್ಲೆಯ ವಿದ್ಯಾನಗರದಲ್ಲಿ ಸರಕಾರಿ ಅಂಧರ ಶಾಲೆಯಿದೆ. ಬ್ರೈಲ್ ಈ ನಾಡಿಗೆ ಹೊಸತೇನಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಅಂಧ ಗೆಳೆಯನ ಕೈಹಿಡಿದು ರಸ್ತೆ ದಾಟಿಸುವುದು ಒಳ್ಳೆಯ ಕೆಲಸ. ಅವನು ಬರೆದುದನ್ನು ಓದಬಲ್ಲವರಾಗುವುದು ಅದಕ್ಕಿಂತಲೂ ದೊಡ್ಡ ಗೆಳೆತನ. ಮೊದಲು ನಿಮ್ಮ ನಿಮ್ಮ ಹೆಸರನ್ನು ಆರು ಚುಕ್ಕೆಗಳಲ್ಲಿ ಬರೆಯಲು ಕಲಿಯಿರಿ. ಉಳಿದ ಅಕ್ಷರಗಳು ತಾವಾಗಿ ಹಿಂದೆ ಬರುತ್ತವೆ.