ನಾವಿರುವ ಊರನ್ನು ನಾವು ಕಂಡಿದ್ದೇವೆಯೇ?

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಮಗಳನ್ನು ಅವಳ ದೊಡ್ಡಮ್ಮ, "ನಿಮ್ಮ ಜಿದ್ದಾದಲ್ಲಿ ಏನೇನಿದೆ ಮಗೂ?" ಎಂದು ಕೇಳಿದರು. ಒಂಬತ್ತು ವರ್ಷದ ಆಕೆ ಮೂರು ಮಾಲ್‌ಗಳ ಹೆಸರು ಹೇಳಿ, "ಆಮೇಲೆ ನಮ್ಮ ಕಾರು" ಎಂದು ಮುಗಿಸಿದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಅವಳು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ.

ತಪ್ಪು ಮಗುವಿನದಲ್ಲ. ತಣ್ಣನೆಯ ಮನೆಯಿಂದ ತಣ್ಣನೆಯ ಕಾರಿಗೆ, ಅಲ್ಲಿಂದ ತಣ್ಣನೆಯ ಮಾಲ್‌ಗೆ, ಇಷ್ಟೇ ನಮ್ಮ ಓಡಾಟ. ಸಂಘದ ಸಮಾರಂಭಗಳಲ್ಲಿಯೂ ಸಭಾಂಗಣದ ಬಾಗಿಲು ಹಾಕಿದರೆ ಅದು ಜಿದ್ದಾವೋ ದಾವಣಗೆರೆಯೋ ತಿಳಿಯದು. ಏಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಇಲ್ಲಿ ನಾವು ಎಷ್ಟು ದಿನ ಇರ್ತೀವಿ ಮಹರಾಯರೇ?" ಮಾತು ಸುಳ್ಳಲ್ಲ. 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಿಂಗಳಿಗೆ ತಲಾ 100 ರಿಯಾಲ್ ಶುಲ್ಕ ಬಂತು. 2020ರ ಹೊತ್ತಿಗೆ ಅದು 400 ಆಯಿತು. ಆಗ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಂಟಿಯಾಗಿ ಉಳಿದವರು ಯಾರು ಯಾರೆಂಬುದು ಸದಸ್ಯರಿಗೆ ಗೊತ್ತೇ ಇದೆ. ಆದರೂ ಇಂದು ನಾಳೆ ಎನ್ನುತ್ತಲೇ ನಮಗೆ ಇಲ್ಲಿ ಹತ್ತು ವರ್ಷ ಕಳೆದವು.

ಊರಿನಿಂದ ಬಂದ ಮೇಲೆ ಮಗಳನ್ನು ಒಂದು ಸಂಜೆ ಅಲ್-ಬಲದ್‌ಗೆ ಕರೆದೊಯ್ದೆವು. ಚಿನ್ನ ಕೊಳ್ಳಲು ಅಲ್ಲಿಗೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ! ಆದರೆ ಅಂಗಡಿಗಳ ಹಿಂದಿನ ಗಲ್ಲಿಗೆ ಹೊಕ್ಕು ತಲೆಯೆತ್ತಿ ನೋಡಿದವರು ಕಡಿಮೆ. ಅಲ್ಲಿನ ಹಳೆಯ ಮನೆಗಳ ಕಲ್ಲು ಕೆಂಪು ಸಮುದ್ರದ ಹವಳದ ದಿಬ್ಬಗಳಿಂದ ಕಡಿದು ತಂದದ್ದು. ನಮ್ಮ ಕಸುಬಿನ ಭಾಷೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಕರಾವಳಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದ ಚಿಪ್ಪಿನದೇ ಜಾತಿ. ಕಲ್ಲಿನ ತುಂಬ ಸಣ್ಣ ರಂಧ್ರಗಳು. ಅವು ನೆಲದ ಉಪ್ಪುನೀರನ್ನು ದೀಪದ ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತವೆ. ನೀರು ಆರಿ ಹೋಗುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಸೀಳುತ್ತದೆ. ಗೋಡೆ ಸವರಿದರೆ ಕೈಗೆ ಪುಡಿ ಹತ್ತುತ್ತದೆ. ಮನೆಯಲ್ಲಿ ಜನರಿದ್ದು ಆಗಾಗ ಗಾರೆ ಮಾಡಿಸಿದರಷ್ಟೇ ಇಂಥ ಗೋಡೆ ಬಾಳುತ್ತದೆ. 1947ರಲ್ಲಿ ಕೋಟೆ ಗೋಡೆ ಕೆಡವಿ ಊರು ಹೊರಗೆ ಬೆಳೆಯತೊಡಗಿದ ಮೇಲೆ ಹಳೆಯ ಮನೆತನಗಳು ಹೊಸ ಬಡಾವಣೆಗಳಿಗೆ ಹೋದವು. ಬಾಡಿಗೆಗೆ ಬಂದವರು ನಮ್ಮಂಥ ಪರದೇಶಿಗಳು. ಇವತ್ತಿದ್ದು ನಾಳೆ ಹೋಗುವವರು ಗಾರೆ ಏಕೆ ಮಾಡಿಸಿಯಾರು? ಎಷ್ಟೋ ಮನೆಗಳು ಕುಸಿದವು. ಉಳಿದ ಭಾಗ 2014ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಈಗ ದುರಸ್ತಿ ನಡೆದಿದೆ.

ಮರದ ಜಾಲರಿಯ ದೊಡ್ಡ ಕಿಟಕಿಗಳಿಗೆ ಇಲ್ಲಿ ರೋಶಾನ್ ಎನ್ನುತ್ತಾರೆ. ಸಮುದ್ರದ ಗಾಳಿ ಒಳಗೆ ಬರಬೇಕು, ಒಳಗಿನವರು ಬೀದಿಗೆ ಕಾಣಬಾರದು, ಅಂಥ ಏರ್ಪಾಡು. ಅದರ ತೇಗ ಹಡಗಿನಲ್ಲಿ ನಮ್ಮ ದೇಶದಿಂದಲೂ ಜಾವಾದ ಕಡೆಯಿಂದಲೂ ಬಂದದ್ದು.

1881ರಲ್ಲಿ ಕಟ್ಟಿ ಮುಗಿಸಿದ ನಸೀಫ್ ಮನೆಯ ಎದುರು ಒಂದು ಮರವಿದೆ. ಒಂದು ಕಾಲಕ್ಕೆ ಇಡೀ ಜಿದ್ದಾಕ್ಕೆ ಅದೊಂದೇ ಮರವಂತೆ; "ಮರವಿರುವ ಮನೆ" ಎಂದರೆ ವಿಳಾಸ ಸಾಕಿತ್ತಂತೆ. ನಮ್ಮ ಮಗಳು ಅದರ ಕೆಳಗೆ ನಿಂತು, ಉದುರಿದ ಎಲೆ ಹೆಕ್ಕಿ ಮೂಸಿ, "ಅಪ್ಪಾ, ಇದು ಯುಗಾದಿ ಮರ!" ಎಂದಳು. ಹೌದು, ಬೇವು. ಹಿಂತಿರುಗುವಾಗ ಗಾಡಿಯವನಲ್ಲಿ ಬಲೀಲಾ ತಿಂದೆವು, ನಮ್ಮ ಕಡಲೆ ಉಸಲಿಯ ಅರಬ್ಬಿ ದಾಯಾದಿ. ಹುಳಿ ಸ್ವಲ್ಪ ಹೆಚ್ಚು.

ಸಂಘದ ವಿಹಾರಕೂಟ ವರ್ಷವೂ ಒಬ್ಹೂರ್ ಕಡಲತೀರದಲ್ಲೇ ಆಗಬೇಕೆಂಬ ನಿಯಮವೇನೂ ಇಲ್ಲ. ಈ ಸಲ ಬಲದ್‌ನಲ್ಲಿ ಸೇರೋಣವೆಂದು ನಮ್ಮ ಸಲಹೆ. "ಹಳೆ ಕಲ್ಲಿನಲ್ಲಿ ನೋಡೋದೇನಿದೆ ಸ್ವಾಮಿ" ಎಂದು ಈಗಾಗಲೇ ಇಬ್ಬರು ಹಿರಿಯರು ಹೇಳಿದ್ದಾರೆ. ಅವರ ಮಕ್ಕಳು ಹನ್ನೆರಡನೆಯ ತರಗತಿ ಮುಗಿಸಿ ಬರುವ ವರ್ಷ ಕಾಲೇಜಿಗೆಂದು ಊರಿಗೆ ಹೊರಡುವವರು, ಅವರನ್ನಾದರೂ ಕಳಿಸಿಕೊಡಲಿ.

ಜನವರಿಯ ಒಂದು ಶುಕ್ರವಾರ, ಅಸರ್ ನಮಾಜಿನ ನಂತರ, ಬೇವಿನ ಮರದ ಕೆಳಗೆ. ಗಲ್ಲಿಗಳ ನೆಲ ಏರುತಗ್ಗು, ಮಕ್ಕಳಿಗೆ ಬೂಟು ಹಾಕಿಸಿ. ಮಳೆ ಬಂದರೆ ಮುಂದಿನ ವಾರ. ಜಿದ್ದಾದ ಮಳೆಯ ಸಂಗತಿ ಬಲ್ಲವರಿಗೆ ಹೇಳಬೇಕಾಗಿಲ್ಲ.