ಹೊಸದಾಗಿ ಸೇರಿದವರಿಗೂ ರಜೆಯ ಲೆಕ್ಕವಿರಲಿ



"ಇವತ್ತು ಬಂದವನು, ಯುಗಾದಿಗೆ ಊರಿಗೆ ಹೊರಡುವವನು, ಅವನಿಗೆಂಥ ಸಂಬಳದ ರಜೆ?" ಎಂಬ ಮಾತು ಕೊಯ್ಲಿನ ಕಾಲ ಬಂದಾಗಲೆಲ್ಲ ನಮ್ಮ ಸಂಘದ ಕಚೇರಿಯಲ್ಲಿ ಕೇಳಿಬರುತ್ತದೆ. ವರ್ಷ ತುಂಬಿದ ಮೇಲಷ್ಟೇ ಕಾರ್ಮಿಕನಿಗೆ ರಜೆಯ ಹಕ್ಕು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಈ ನಂಬಿಕೆ ಹಿಂದೆಯೂ ಸರಿಯಿರಲಿಲ್ಲ, ಈಗಲೂ ಸರಿಯಲ್ಲ.

1951ರ ತೋಟ ಕಾರ್ಮಿಕರ ಕಾಯ್ದೆಯೇ ವಯಸ್ಕರಿಗೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನ ಸಂಬಳ ಸಹಿತ ರಜೆಯನ್ನು ವಿಧಿಸಿತ್ತು. ಅದರ ಸ್ಥಾನದಲ್ಲಿ ಕಾರ್ಮಿಕರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಕುರಿತ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 20ಕ್ಕೆ ಒಂದು ಎಂಬ ಲೆಕ್ಕ ಹಾಗೆಯೇ ಉಳಿದಿದೆ. ವರ್ಷದಲ್ಲಿ 180 ದಿನ ದುಡಿದಿರಬೇಕೆಂಬ ಷರತ್ತು ಹೊಸದಾಗಿ ಸೇರಿದೆ. ಆದರೆ ಜನವರಿ 1ರ ನಂತರ ಕೆಲಸಕ್ಕೆ ಬಂದವರು ಆ ವರ್ಷದಲ್ಲಿ ಉಳಿದ ದಿನಗಳ ನಾಲ್ಕನೇ ಒಂದು ಭಾಗ ದುಡಿದಿದ್ದರೆ ಸಾಕು.

ಉದಾಹರಣೆಗೆ, ಜುಲೈ 1ರಂದು ಒಬ್ಬಾಕೆ ಕೆಲಸಕ್ಕೆ ಸೇರಿದಳೆನ್ನಿ. ವರ್ಷಾಂತ್ಯಕ್ಕೆ 184 ದಿನಗಳಿವೆ. ಅದರ ಕಾಲುಭಾಗ 46. ಆಕೆ ಡಿಸೆಂಬರ್ ಕೊನೆಯೊಳಗೆ 120 ದಿನ ದುಡಿದರೆ 6 ದಿನದ ರಜೆ ಗಳಿಸುತ್ತಾಳೆ. ನಡುವೆ ಬರುವ ಇತರ ರಜಾದಿನಗಳನ್ನು ಇದರಲ್ಲಿ ಕಳೆಯುವಂತಿಲ್ಲ.

"ನಾವು ಸಣ್ಣ ಬೆಳೆಗಾರರು, ನಮಗೆ ಇದು ಅನ್ವಯಿಸದು" ಎನ್ನುವವರು ಒಮ್ಮೆ ಪಹಣಿ ನೋಡಿಕೊಳ್ಳಬೇಕು. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನವರೆಗೆ ಸಣ್ಣ ಬೆಳೆಗಾರರೇ. ಸಂಹಿತೆಯಲ್ಲಾದರೋ 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ 14 ಗುಂಟೆ ಕಾಫಿ ಅಥವಾ ಏಲಕ್ಕಿ ಇದ್ದು, 10 ಮಂದಿ ಕಾರ್ಮಿಕರಿದ್ದರೆ ಸಾಕು. ಅಡಿಕೆ ತೋಟವು ಕೇಂದ್ರದ ಒಪ್ಪಿಗೆಯೊಡನೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಈ ವ್ಯಾಖ್ಯೆಗೆ ಸೇರುತ್ತದೆ.

ಹಾಗಾದರೆ ಮೂರು ನಾಲ್ಕು ಎಕರೆಯವರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ, ಕಾನೂನು ಕೇಳದಿದ್ದರೂ ಕೊಡಬೇಕು. ಅದೂ ಮೊದಲ ದಿನದಿಂದ ಲೆಕ್ಕವಿಟ್ಟು. ಇದರ ಖರ್ಚು ಕೂಲಿಯ ನೂರಕ್ಕೆ ಐದು. ಕೊಳೆರೋಗ ಬಂದ ವರ್ಷ, ಮಳೆಗೆ ಕಾಫಿ ಉದುರಿದ ವರ್ಷ ಅದೂ ಭಾರವೇ, ಒಪ್ಪುತ್ತೇನೆ. ಆದರೆ ಹಣ್ಣು ಮಾಗಿ ನಿಂತಾಗ ಆಳು ಸಿಗದೆ ಆಗುವ ನಷ್ಟವನ್ನು ಯಾರು ಲೆಕ್ಕ ಹಾಕಿದ್ದಾರೆ? ಮುಂಗಡ ಕೊಟ್ಟು ಕಟ್ಟಿಹಾಕಿದವರು ಪಕ್ಕದ ತೋಟದಲ್ಲಿ ಹತ್ತು ರೂಪಾಯಿ ಹೆಚ್ಚೆಂದರೆ ಹೊರಟುಹೋಗುತ್ತಾರೆ. ತನ್ನ ಹೆಸರಿನಲ್ಲಿ ರಜೆ ಕೂಡುತ್ತಿದೆ ಎಂದು ತಿಳಿದವರು ಹಬ್ಬ ಮುಗಿಸಿ ಹಿಂದಿರುಗಲು ಒಂದು ಕಾರಣವಾದರೂ ಇರುತ್ತದೆ. ಜ್ವರ ಬಂದರೂ ಕೂಲಿ ತಪ್ಪುವ ಭಯದಿಂದ ಕುಕ್ಕೆ ಹೊತ್ತು ಬರುವುದೂ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳು ಆರೇ ತಿಂಗಳಲ್ಲಿ ದೀಪಾವಳಿಗೆ ರಜೆ ಹಾಕಿ ಬಂದಾಗ, ಸಂಬಳ ಕಡಿತವಾಯಿತೇ ಎಂದು ನಾವು ಕೇಳುವುದಿಲ್ಲ. ರಜೆ ಇದ್ದೇ ಇರುತ್ತದೆಂದು ತಿಳಿದಿದ್ದೇವೆ. ಲೈನು ಮನೆಯಲ್ಲಿರುವವರ ಮಕ್ಕಳಿಗೆ ಬೇರೆ ನ್ಯಾಯವೇ?

ಮಾಡಬೇಕಾದದ್ದು ಹೆಚ್ಚಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲಸಕ್ಕೆ ಸೇರಿದ ತಾರೀಖು ಬರೆಯಿರಿ. ರಜೆಗೊಂದು ಕಲಮು ಎಳೆದು, 20 ದಿನ ತುಂಬಿದಾಗ ಒಂದು ಗುರುತು ಹಾಕಿ. ಮೇಸ್ತ್ರಿಯ ಮೂಲಕ ಬಂದವರ ಲೆಕ್ಕವನ್ನೂ ನೀವೇ ಇಡಿ. ಬಿಟ್ಟು ಹೋಗುವವರಿಗೆ ಉಳಿದ ರಜೆಯ ಕೂಲಿಯನ್ನು ಕೈಗೆ ಕೊಟ್ಟು ಕಳಿಸಿ. ಸಂಹಿತೆ ಇದಕ್ಕೆ ಎರಡು ಕೆಲಸದ ದಿನಗಳ ಗಡುವು ಇಟ್ಟಿದೆ.

ಬರುವ ಮಹಾಸಭೆಯಲ್ಲಿ ಈ ಕ್ರಮವನ್ನು ಸದಸ್ಯರೆಲ್ಲರೂ ಒಂದೇ ರೀತಿ ಪಾಲಿಸುವ ಬಗ್ಗೆ ಚರ್ಚೆಯಾಗಲಿ. ಒಬ್ಬರು ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಮತ್ತೆ ಪೈಪೋಟಿಯೇ. ಎಲ್ಲರೂ ಕೊಟ್ಟರೆ ಅದು ಊರಿನ ಪದ್ಧತಿಯಾಗುತ್ತದೆ.

— ಕಾರ್ಯದರ್ಶಿ