ಹೊಸ ಕಿವಿಗೆ ಮನೆಮಂದಿಯ ಆಸರೆ

ಷಟ್‌ಸ್ಥಲ ಸಿದ್ಧಾಂತದಲ್ಲಿ ಕಿವಿಯು ಪ್ರಸಾದಲಿಂಗದ ಸ್ಥಾನ. ಅಲ್ಲಿ ಅರ್ಪಿತವಾಗುವ ಪದಾರ್ಥ ಶಬ್ದ. ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಶಿಷ್ಯನ ಕಿವಿಯಲ್ಲಿಯೇ ಉಪದೇಶಿಸುತ್ತಾನೆ. ಆದುದರಿಂದ ಶ್ರವಣಶಕ್ತಿಯನ್ನು ಕಳೆದುಕೊಂಡ ಭಕ್ತನಿಗೆ ಲೌಕಿಕ ವ್ಯವಹಾರದ ಜೊತೆಗೆ ಪ್ರವಚನ, ಸತ್ಸಂಗ, ಮನೆಮಂದಿಯ ಮಾತು ಎಲ್ಲವೂ ದೂರವಾಗುತ್ತವೆ.

ನಮ್ಮ ಮಠಕ್ಕೆ ಪ್ರತಿ ಅಮಾವಾಸ್ಯೆಗೆ ತಪ್ಪದೆ ಬರುವ ಹಿರಿಯ ಶರಣರೊಬ್ಬರಿಗೆ ಕಳೆದ ವರ್ಷ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಯಿತು. ಮಕ್ಕಳು ಹೊಲ ಅಡವಿಟ್ಟು ಹಣ ಹೊಂದಿಸಿದ್ದರು. ಯಂತ್ರವನ್ನು ಚಾಲನೆಗೊಳಿಸಿದ ದಿನ ಮೊಮ್ಮಗಳು "ಅಜ್ಜಾ" ಎಂದು ಕರೆದಾಗ ಅವರಿಗೆ ಕೇಳಿಸಿದ್ದು ತಗಡಿನ ಡಬ್ಬಿಯಲ್ಲಿ ಹರಳು ಅಲುಗಿಸಿದಂತಹ ಸದ್ದು. ಎರಡು ವಾರ ಧರಿಸಿ, ಬೇಸತ್ತು, ಅದನ್ನು ಪೆಟ್ಟಿಗೆಯಲ್ಲಿಟ್ಟರು. "ಹಣವೂ ಹೋಯಿತು, ಕಿವಿಯೂ ಬರಲಿಲ್ಲ" ಎಂದು ಮನೆಯವರು ನೊಂದರು. ಯಂತ್ರ ಕೆಟ್ಟಿರಲಿಲ್ಲ, ಶಸ್ತ್ರಚಿಕಿತ್ಸೆಯೂ ಕೆಟ್ಟಿರಲಿಲ್ಲ. ಅನಂತರದ ಅಭ್ಯಾಸದ ಹೊಣೆಯನ್ನು ಮಾತ್ರ ಯಾರೂ ಹೊತ್ತಿರಲಿಲ್ಲ.

ಇಂತಹ ಯಂತ್ರವು ಪೆಟ್ಟಿಗೆ ಸೇರಿದರೆ ಅದರ ಹೊಣೆ ಧರಿಸಿದವರಿಗಿಂತ ಸುತ್ತಲಿನ ನಮ್ಮೆಲ್ಲರ ಮೇಲೆಯೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಅದು ಏಕೆಂದು ತಿಳಿಯಲು ಯಂತ್ರದ ಕಾರ್ಯವಿಧಾನವನ್ನು ಅರಿಯಬೇಕು.

ಒಳಕಿವಿಯಲ್ಲಿ ಕಾಕ್ಲಿಯ ಎಂಬ, ಬಸವನಹುಳುವಿನ ಚಿಪ್ಪಿನಂತಹ ಸುರುಳಿಯಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುತ್ತವೆ. ಮಿದುಳಿಗೆ ಸಂಕೇತ ಕಳುಹಿಸುವ ಒಳಸಾಲಿನ ಕೋಶಗಳೇ ಸುಮಾರು 3,500. ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯ ಶ್ರವಣಯಂತ್ರವು ಶಬ್ದವನ್ನು ಹಿಗ್ಗಿಸುತ್ತದೆ. ಇಂಪ್ಲಾಂಟ್ ಆದರೋ ಕೆಟ್ಟ ಕೋಶಗಳನ್ನು ದಾಟಿ, ಶ್ರವಣನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ. ಕಿವಿಯ ಹಿಂದಿನ ಪ್ರೊಸೆಸರ್ ಶಬ್ದವನ್ನು ಗ್ರಹಿಸಿ ಸಂಕೇತವಾಗಿಸುತ್ತದೆ. ಆಯಸ್ಕಾಂತದಿಂದ ತಲೆಗೆ ಅಂಟಿಕೊಂಡಿರುವ ಸುರುಳಿಯು ಅದನ್ನು ಚರ್ಮದೊಳಗಿನ ಭಾಗಕ್ಕೆ ಕಳುಹಿಸುತ್ತದೆ. ಅಲ್ಲಿಂದ ಹೊರಟ ತಂತಿಯಲ್ಲಿ ವಿದ್ಯುದ್ವಾರಗಳಿರುವುದು ಯಂತ್ರದ ಮಾದರಿಗೆ ತಕ್ಕಂತೆ 12ರಿಂದ 22 ಮಾತ್ರ. ಸಾವಿರಾರು ಕೋಶಗಳ ಕೆಲಸವನ್ನು ಇಷ್ಟೇ ವಿದ್ಯುದ್ವಾರಗಳು ಮಾಡುವಾಗ ಮೊದಲ ದಿನಗಳಲ್ಲಿ ಮಾತು ಲೋಹದ ಸದ್ದಿನಂತೆ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ.

ಈ ಕೊರತೆಯನ್ನು ತುಂಬಿಕೊಡುವುದು ಮಿದುಳು. ಹೊಸ ಸಂಕೇತಗಳನ್ನು ಹಳೆಯ ನೆನಪಿನೊಂದಿಗೆ ಹೊಂದಿಸಿಕೊಳ್ಳಲು ಅದಕ್ಕೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಕ್ಕೂ ಮೇಲ್ಪಟ್ಟು. ಮಾತು ಕಲಿತ ಮೇಲೆ ಕಿವುಡಾದವರಿಗೆ, ಅದರಲ್ಲಿಯೂ ಕಿವುಡುತನದ ಅವಧಿ ಅಲ್ಪವಾಗಿದ್ದವರಿಗೆ, ಈ ಹಾದಿ ಸಾಮಾನ್ಯವಾಗಿ ಸುಗಮ. ಹುಟ್ಟಿನಿಂದಲೇ ಕೇಳದ ಮಗುವಿಗೆ ಎಷ್ಟು ಬೇಗ ಚಿಕಿತ್ಸೆಯಾದರೆ ಅಷ್ಟು ಒಳಿತು.

ಇಲ್ಲಿ ಮನೆಯವರ ಕಾಯಕ ಆರಂಭವಾಗುತ್ತದೆ. ನಿದ್ರೆ ಮತ್ತು ಸ್ನಾನದ ಹೊತ್ತು ಬಿಟ್ಟು ದಿನವಿಡೀ ಪ್ರೊಸೆಸರ್ ಧರಿಸುವಂತೆ ಪ್ರೀತಿಯಿಂದ ಒತ್ತಾಯಿಸಬೇಕು. ಮ್ಯಾಪಿಂಗ್ ಎಂದರೆ ಪ್ರತಿ ವಿದ್ಯುದ್ವಾರದ ಪ್ರಮಾಣವನ್ನು ಆಡಿಯಾಲಜಿಸ್ಟ್ ಹೊಂದಿಸುವ ಕಾರ್ಯ. ಮೊದಲ ವರ್ಷದಲ್ಲಿ ಅದು ಹಲವು ಬಾರಿ ನಡೆಯಬೇಕು. ಊರು ದೂರವೆಂದು ಅದನ್ನು ತಪ್ಪಿಸಬಾರದು. 1965ರಲ್ಲಿ ಸ್ಥಾಪನೆಗೊಂಡ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳು ನಮ್ಮ ನಾಡಿನಲ್ಲಿಯೇ ಇರುವುದು ಭಾಗ್ಯ.

ಮನೆಯ ಅಭ್ಯಾಸಕ್ಕೆ ನಮ್ಮಲ್ಲಿ ಒಂದು ಸಿದ್ಧ ಸಾಧನವಿದೆ. ಅದೇ ಬಾಯಿಪಾಠವಾದ ವಚನಗಳು. ಹಿರಿಯರ ಕೈಗೆ ಪುಸ್ತಕ ಕೊಟ್ಟು, ಅದೇ ವಚನವನ್ನು ಎದುರು ಕುಳಿತು ನಿಧಾನವಾಗಿ ಓದಿರಿ. ಕಣ್ಣು ಅಕ್ಷರವನ್ನು ಹಿಡಿಯುತ್ತದೆ, ಕಿವಿ ಸದ್ದನ್ನು ಹಿಡಿಯುತ್ತದೆ, ಮಿದುಳು ಎರಡನ್ನೂ ಬೆಸೆಯುತ್ತದೆ. ಕೆಲವು ವಾರಗಳ ಅನಂತರ ಪುಸ್ತಕವಿಲ್ಲದೆ, ಮುಂದೆ ತುಟಿಯ ಚಲನೆ ಕಾಣದಂತೆ ಓದಿರಿ. ದಿನಕ್ಕೆ ಅರ್ಧ ಗಂಟೆ ಸಾಕು, ತಪ್ಪದೆ ನಡೆಯಬೇಕು.

ಕೂಗಿ ಮಾತನಾಡುವುದು ಬೇಡ. ಕೂಗಿದರೆ ಮಾತು ವಿಕಾರವಾಗುತ್ತದೆ. ಮೊದಲು ಹೆಸರು ಅಥವಾ ಸಂಬಂಧ ಹಿಡಿದು ಕರೆದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು ಮಾತನಾಡಿರಿ. ಆ ಹೊತ್ತು ದೂರದರ್ಶನವನ್ನೂ ಮಿಕ್ಸರನ್ನೂ ನಿಲ್ಲಿಸಿರಿ. "ಏನೂ ಇಲ್ಲ ಬಿಡು" ಎಂಬ ಮಾತನ್ನು ಮಾತ್ರ ಎಂದಿಗೂ ಆಡಬಾರದು. ಕಿವುಡರನ್ನು ಅದರಷ್ಟು ಒಂಟಿಯಾಗಿಸುವ ಮಾತು ಇನ್ನೊಂದಿಲ್ಲ. ಪೂಜೆಯ ವೇಳೆ ಪ್ರೊಸೆಸರ್ ಮೇಲೆ ನೀರು, ವಿಭೂತಿಯ ಪುಡಿ ಬೀಳದಂತೆ ಎಚ್ಚರವಿರಲಿ. ಎಂ.ಆರ್.ಐ. ಪರೀಕ್ಷೆಗೆ ಮುನ್ನ ಇಂಪ್ಲಾಂಟ್ ಇರುವುದನ್ನು ವೈದ್ಯರಿಗೆ ತಿಳಿಸಲೇಬೇಕು. ತೀವ್ರ ಜ್ವರದೊಂದಿಗೆ ತಲೆನೋವು, ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಎಪ್ಪತ್ತರ ವಯಸ್ಸಿನಲ್ಲಿ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ವಯಸ್ಸೊಂದೇ ಈ ಚಿಕಿತ್ಸೆಗೆ ಅಡ್ಡಿಯಲ್ಲ. ಕೇಳದಿರುವಿಕೆಯು ಹಿರಿಯರನ್ನು ಮೂಲೆಗೆ ತಳ್ಳುತ್ತದೆ. ಖಿನ್ನತೆ, ಮರೆಗುಳಿತನಗಳೊಂದಿಗೂ ಅದಕ್ಕೆ ನಂಟಿರುವುದನ್ನು ವೈದ್ಯಶಾಸ್ತ್ರ ಗುರುತಿಸಿದೆ. ಆದರೆ ಅತಿಯಾದ ನಿರೀಕ್ಷೆಯೂ ಸಲ್ಲದು. ಗದ್ದಲದ ನಡುವಿನ ಮಾತು ಬಹುಕಾಲ ಕಷ್ಟವಾಗಿಯೇ ಉಳಿಯುತ್ತದೆ. ವಚನಗಾಯನದಲ್ಲಿ ತಬಲಾದ ತಾಳ ಚೆನ್ನಾಗಿ ತಿಳಿಯುತ್ತದೆ, ರಾಗದ ಏರಿಳಿತ ಅಷ್ಟು ತಿಳಿಯುವುದಿಲ್ಲ. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಎಲ್ಲರೂ ಅರಿತಿರಬೇಕು.

ಮಠಗಳ ಕರ್ತವ್ಯವೂ ಇದೆ. ಪ್ರವಚನ ಮಂದಿರದಲ್ಲಿ ಧ್ವನಿವರ್ಧಕದ ಅಬ್ಬರವನ್ನು ತಗ್ಗಿಸೋಣ. ಕೇಳಲು ಕಷ್ಟಪಡುವವರಿಗೆ ಮುಂದಿನ ಸಾಲನ್ನು ಮೀಸಲಿಡೋಣ. ಅನುಭವ ಮಂಟಪವು ಬೆಳಗಿದ್ದು ನುಡಿಯುವವರಿಂದ ಎಷ್ಟೋ, ಕೇಳುವವರಿಂದಲೂ ಅಷ್ಟೇ.

ಆ ಹಿರಿಯ ಶರಣರು ಪೆಟ್ಟಿಗೆಯಿಂದ ಯಂತ್ರವನ್ನು ಮತ್ತೆ ಹೊರತೆಗೆದರು. ಮೊಮ್ಮಗಳು ನಿತ್ಯವೂ ಶಾಲೆಯಿಂದ ಬಂದು ವಚನ ಓದಿದಳು. ಈಗ ಅವರು ಮುಂದಿನ ಸಾಲಿನಲ್ಲಿ ಕುಳಿತು ಪ್ರವಚನದ ಬಹುಭಾಗವನ್ನು ಗ್ರಹಿಸುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಮಾತ್ರ "ಇನ್ನೊಮ್ಮೆ ಹೇಳ್ರಿ" ಎನ್ನುತ್ತಾರೆ. ಇನ್ನೊಮ್ಮೆ ಹೇಳುವಷ್ಟು ತಾಳ್ಮೆ ನಮ್ಮೆಲ್ಲರಲ್ಲಿಯೂ ಇರಲಿ.